ಬೈಪಾಸ್ ಬಿಟ್ಟು ಊರೊಳಗೆ

ಬೆಂಗಳೂರಿನಿಂದ ಹುಬ್ಬಳ್ಳಿಯ ಸೋದರತ್ತೆ ಮನೆಗೆ ಸುಮಾರು 400 ಕಿಲೋಮೀಟರ್. ಬೆಳಗ್ಗೆ ಐದಕ್ಕೆ ಹೊರಟರೆ ತುಮಕೂರಲ್ಲಿ ಇಡ್ಲಿ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗೋ ಗಾಳಿಯಂತ್ರಗಳು, ಮಧ್ಯಾಹ್ನದ ಊಟಕ್ಕೆ ಹುಬ್ಬಳ್ಳಿ. ದಾವಣಗೆರೆ ಹತ್ತಿರ ಮಾತ್ರ ನಾನು ಆಕ್ಸಿಲರೇಟರ್ ಸ್ವಲ್ಪ ಜಾಸ್ತಿನೇ ಒತ್ತುತ್ತಿದ್ದೆ.

ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನ ಊರು ಅದು. ಅವನ ಅಪ್ಪ ತೀರಿಕೊಂಡಾಗ ಆಫೀಸಲ್ಲಿ ರಿಲೀಸ್ ಇತ್ತು. ವಾಟ್ಸಾಪ್‌ನಲ್ಲಿ ಎರಡು ಸಾಲು ಕಳಿಸಿ ಸುಮ್ಮನಾದೆ. ಮಗನ ಬ್ಯಾಗಲ್ಲಿ ನನಗೆ ಅಂತಲೇ ಬೇರೆ ಖಾರ ಮಂಡಕ್ಕಿ ಪೊಟ್ಟಣ ಇಟ್ಟು ಕಳಿಸುತ್ತಿದ್ದ ಮನುಷ್ಯ ಅವರು.

ಕಳೆದ ತಿಂಗಳು ಏನನ್ನಿಸಿತೋ, ಸರ್ವಿಸ್ ರಸ್ತೆಗೆ ಇಳಿದುಬಿಟ್ಟೆ. ಫೋನ್ ಮಾಡಿರಲಿಲ್ಲ. ಮಾಡಿದ್ದರೆ ಹೋಗುತ್ತಿರಲಿಲ್ಲ.

ಬಾಗಿಲು ತೆಗೆದದ್ದು ಅವನ ಅಮ್ಮ. ಬೈಯಲಿಲ್ಲ. "ಒಳಗೆ ಬಾರಪ್ಪ, ಎಷ್ಟು ಸೊರಗಿದೀಯ" ಅಂದರು. ಅವನು ಮಾತ್ರ ತುಂಬ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಬೈಕ್ ಕೀ ತಗೊಂಡು, "ನಡಿಯಲೇ, ದೋಸೆ ತಿನ್ನೋಣ" ಅಂದ.

ಎರಡು ಬೆಣ್ಣೆ ದೋಸೆ ಬಂತು. ಮೇಲೆ ಕರಗುತ್ತಿರೋ ಬೆಣ್ಣೆ, ಪಕ್ಕದಲ್ಲಿ ಬಿಳಿ ಚಟ್ನಿ, ಆಲೂಗಡ್ಡೆ ಪಲ್ಯ. (ಬೆಂಗಳೂರಲ್ಲಿ ನಾನು ಇದೇ ಹೆಸರಲ್ಲಿ ತಿಂದದ್ದು ಬೇರೆನೇ ಪದಾರ್ಥ, ಬಿಡಿ.) "ಆಸ್ಪತ್ರೆಯಲ್ಲಿ ಅಪ್ಪ ನಿನ್ನ ಕೇಳಿದ್ರು ಕಣೋ" ಅಂದ, ತಟ್ಟೆ ನೋಡುತ್ತಲೇ. ನನಗೆ ತುತ್ತು ಇಳಿಯಲಿಲ್ಲ. ಅವನೇ ನೀರಿನ ಲೋಟ ಈ ಕಡೆ ತಳ್ಳಿದ.

ಹುಬ್ಬಳ್ಳಿ ಮುಟ್ಟಿದಾಗ ರಾತ್ರಿ ಎಂಟು. "ಯಾಕಪಾ, ಇಷ್ಟ್ ತಡಾ?" ಅಂತ ಅತ್ತೆ ಸಾರು ಬಿಸಿ ಮಾಡಲು ಹೋದರು. ಹಿಂದಿನ ಸೀಟಲ್ಲಿದ್ದ ಮಂಡಕ್ಕಿ ಪೊಟ್ಟಣ ತರೋಕೆ ನಾನು ಮತ್ತೆ ಕಾರಿಗೆ ಹೋದೆ.