ಬೆಳೆಸಿದ ಮನೆ, ಕೊಂಡ ಮನೆ

ಕಂಕನಾಡಿಯ ಗರಡಿಯ ಮುಂದೆ ಹಾದುಹೋಗುವವರು ಕೈಮುಗಿದು ಮುಂದೆ ಸಾಗುವುದುಂಟು; ಅಲ್ಲಿ ಆರಾಧನೆಗೊಳ್ಳುವ ಅವಳಿ ವೀರರು ಒಬ್ಬ ಅರಸನನ್ನು ತೊರೆದು ಮತ್ತೊಬ್ಬನನ್ನು ಸೇರಿದವರೆಂಬುದನ್ನು ಆ ಹೊತ್ತಿನಲ್ಲಿ ನೆನೆಯುವವರು ವಿರಳ. ಕೋಟಿ ಚೆನ್ನಯರು ಬೆಳೆದುದು ಪಡುಮಲೆಯಲ್ಲಿ. ಅಲ್ಲಿಯ ಬಲ್ಲಾಳನೊಡನೆ ಮನಸ್ಸು ಮುರಿದ ಮೇಲೆ ಅವರು ಪಂಜಕ್ಕೆ ಹೋದರು. ಪಂಜದಲ್ಲಿ ಸೆರೆಬಿದ್ದು, ಬಿಡಿಸಿಕೊಂಡು, ಎಣ್ಮೂರಿನ ಬಲ್ಲಾಳನ ಆಶ್ರಯವನ್ನು ಹೊಂದಿದರು. ಕಡೆಗೆ ಎಣ್ಮೂರಿನ ಪಕ್ಷವನ್ನು ವಹಿಸಿ ಪಡುಮಲೆಯ ದಂಡಿನೊಡನೆಯೇ ಕಾದಿ ಮಡಿದರು. ತುಳುವರು ಇದಕ್ಕಾಗಿ ಅವರನ್ನು ದೂರಿದವರಲ್ಲ. ಊರೂರಿಗೆ ಗರಡಿ ಕಟ್ಟಿಸಿ ಪೂಜಿಸಿದರು. ಹಿಂದಿನ ಕಾಲದಲ್ಲಿ ಗರಡಿಯೆಂದರೆ ಎಳೆಯರ ಮೈಯನ್ನೂ ಕೈಯನ್ನೂ ಪಳಗಿಸುವ ಶಾಲೆ. ಪಳಗಿಸಿದ ಊರಿಗೇ ಆ ತೋಳಿನ ಫಲ ದಕ್ಕಬೇಕೆಂಬ ನಿಯಮವೇನೂ ಆಗಲೂ ಇರಲಿಲ್ಲವೆಂದು ಕಾಣುತ್ತದೆ.

ಕರಾವಳಿಯ ಜನರಿಗೆ ಪಕ್ಷಾಂತರದ ವಾರ್ತೆಯಲ್ಲಿರುವ ರುಚಿ ಹೊಸದಲ್ಲ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದೊಡನೆಯೇ, ಮುಂದಿನ ತಿರುಗಾಟಕ್ಕೆ ಯಾವ ವೇಷಧಾರಿ ಯಾವ ಮೇಳಕ್ಕೆ ಹೋಗುವನೆಂಬ ಚರ್ಚೆ ಮೊದಲಾಗಿ ಮಳೆಗಾಲದುದ್ದಕ್ಕೂ ನಡೆಯುತ್ತದೆ. ಒಂದು ಜೊತೆ ಕಂಬಳದ ಕೋಣಗಳು ಕೈಬದಲಾಯಿಸಿದುವೆಂದರೆ ಆ ಸುದ್ದಿ ಕೋಣಗಳಿಗಿಂತ ವೇಗವಾಗಿ ಓಡುತ್ತದೆ. ಈಗ ಅದೇ ರುಚಿ ಆಟಗಾರರ ಹರಾಜಿನ ಕಡೆಗೂ ಹರಿದಿದೆ. ಕಂಕನಾಡಿಯ ಮಾರುಕಟ್ಟೆಯ ಬಳಿಯ ಚಹದಂಗಡಿಗಳಲ್ಲಿ ಕ್ರಿಕೆಟ್ಟಿನ ಹರಾಜಿಗೆ ಸಲ್ಲುವ ಗೌರವ ಹಾಕಿಗೆ ಸಲ್ಲುವುದಿಲ್ಲವೆಂಬುದು ನಿಜ. ಆದರೆ ೨೦೧೭ರ ಬಳಿಕ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗು ಮತ್ತೆ ಆರಂಭವಾಗುವ ಸಂಭ್ರಮದಲ್ಲಿ, ೨೦೨೪ರ ಅಕ್ಟೋಬರ್ ೧೩ರಿಂದ ೧೫ರ ವರೆಗೆ ದೆಹಲಿಯಲ್ಲಿ ಹರಾಜು ನಡೆದಾಗ, ಯಾರು ಯಾರ ಪಾಲಿಗೆ ಎಂಬ ಗಾಳಿಮಾತು ಮೊಬೈಲುಗಳ ಮೂಲಕ ಈ ತೀರಕ್ಕೂ ಬಂದಿತು.

ಈ ಗಾಳಿಮಾತು ಬರಿಯ ಹರಟೆಯಲ್ಲ. ೨೦೨೪ರ ಆ ಹರಾಜಿನಲ್ಲಿ ಪುರುಷರ ತಂಡವೊಂದಕ್ಕೆ ನಾಲ್ಕು ಕೋಟಿ ರೂಪಾಯಿಗಳ ಮಿತಿಯಿತ್ತು. ಅದರೊಳಗೆ ಇಪ್ಪತ್ತನಾಲ್ಕು ಜನರನ್ನು ಕೂಡಿಸಬೇಕಾಗಿತ್ತು. ಹದಿನಾರು ಮಂದಿ ಭಾರತೀಯರು, ಅವರಲ್ಲಿ ನಾಲ್ವರಾದರೂ ಕಿರಿಯರು. ಗಂಟು ಇಷ್ಟೇ ಎಂದು ಗೊತ್ತಾದ ಮೇಲೆ, ಎದುರಾಳಿಯು ಯಾರಿಗಾಗಿ ತನ್ನ ಗಂಟನ್ನು ಕರಗಿಸಿಕೊಳ್ಳುವನೆಂಬ ಊಹೆಗೂ ಬೆಲೆ ಬರುತ್ತದೆ. ಹರ್ಮನ್‌ಪ್ರೀತ್ ಸಿಂಗನಿಗೆ ಆ ಸಲ ೭೮ ಲಕ್ಷ ರೂಪಾಯಿ ಸಂದಿತು. ದೊಡ್ಡ ಹೆಸರುಗಳ ಸದ್ದು ಅಡಗಿದ ಮೇಲೆ, ಕೊನೆಯ ಸಾಲಿನ ನಾಲ್ಕು ಸ್ಥಾನಗಳಿಗೆ ಹದಿಹರೆಯದ ಹುಡುಗರನ್ನು ಹೆಕ್ಕುವ ಹೊತ್ತು ಬರುತ್ತದೆ. ನಿಜವಾದ ಕಣ್ಣು ಬೇಕಾಗುವುದು ಅಲ್ಲಿಯೇ. ಈ ಹುಡುಗರು ಎಲ್ಲಿಂದ ಬಂದರು, ಅವರನ್ನು ಯಾರು ಇಷ್ಟು ದೂರ ಕರೆತಂದರು ಎಂಬ ವಿಚಾರವನ್ನು ಗಾಳಿಮಾತು ಎಂದಿಗೂ ಎತ್ತುವುದಿಲ್ಲ.

ಆ ವಿಚಾರವನ್ನು ಎತ್ತಬೇಕಾದರೆ ಕಂಕನಾಡಿಯಿಂದ ಪುತ್ತೂರು, ಸುಳ್ಯಗಳನ್ನು ದಾಟಿ ಸಂಪಾಜೆಯ ಘಾಟಿಯನ್ನೇರಬೇಕು. ಸುಳ್ಯದ ಸೀಮೆಯು ೧೮೩೪ರ ವರೆಗೆ ಕೊಡಗಿನ ಅರಸರದೇ ಆಗಿತ್ತು. ೧೮೩೭ರಲ್ಲಿ ಅಲ್ಲಿಂದೆದ್ದ ದಂಗೆ ಮಂಗಳೂರಿನ ವರೆಗೂ ಇಳಿದುಬಂದಿತ್ತು. ಈ ದಾರಿಯ ನಂಟು ಹಳೆಯದು. ಕೊಡಗನ್ನು ಹಾಕಿಯ ತೊಟ್ಟಿಲೆಂದು ಕರೆಯುವುದು ಸವೆದ ಮಾತಾದರೂ ಸುಳ್ಳಲ್ಲ. ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದು, ಮರುವರ್ಷದ ವಿಶ್ವಕಪ್ಪಿನಲ್ಲಿ ನಾಯಕನಾಗಿ ಬೆಳ್ಳಿ ತಂದ ಎಂ. ಪಿ. ಗಣೇಶ್; ೧೯೭೫ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದ ಬಿ. ಪಿ. ಗೋವಿಂದ, ೧೯೮೦ರ ಮಾಸ್ಕೋ ಚಿನ್ನದ ಎಂ. ಎಂ. ಸೋಮಯ್ಯ, ಆಮೇಲೆ ಗೋಲಿನ ಕಾವಲಿಗೆ ನಿಂತ ಎ. ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ. ಆರ್. ರಘುನಾಥ್, ಎಸ್. ವಿ. ಸುನಿಲ್. ಇಷ್ಟು ಸಣ್ಣ ಜಿಲ್ಲೆಗೆ ಇದು ಸಣ್ಣ ಪಟ್ಟಿಯಲ್ಲ.

ಇವರಾರನ್ನೂ ಹಣದ ಗಂಟು ಹುಡುಕಿಕೊಂಡು ಹೋಗಿ ಬೆಳೆಸಿದುದಲ್ಲ. ಕೊಡವರಲ್ಲಿ ಒಕ್ಕವೆಂಬ ಕುಲಕೂಟವುಂಟು. ಒಂದು ಐನ್‌ಮನೆ, ಒಂದು ಮನೆತನದ ಹೆಸರು, ಅದರ ಕೆಳಗೆ ಹತ್ತಾರು ಕುಟುಂಬಗಳು. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಅರುವತ್ತು ಒಕ್ಕಗಳನ್ನು ಸೇರಿಸಿ ಹಾಕಿಯ ಪಂದ್ಯಾವಳಿಯೊಂದನ್ನು ಹೂಡಿದರು. ಅಂದಿನಿಂದ ಒಂದೊಂದು ಸಲ ಒಂದೊಂದು ಒಕ್ಕ ತನ್ನ ಹೆಸರಿನಲ್ಲಿ ಇದನ್ನು ನಡೆಸುತ್ತ ಬಂದಿದೆ. ನಡುವೆ ಕೆಲವು ವರ್ಷ ಪ್ರಳಯಕ್ಕೂ ಸಾಂಕ್ರಾಮಿಕಕ್ಕೂ ಸೋತು ನಿಂತುದೂ ಉಂಟು. ೨೦೨೪ರಲ್ಲಿ ಕುಂಡ್ಯೋಳಂಡ ಒಕ್ಕದವರು ನಾಪೋಕ್ಲಿನಲ್ಲಿ ನಡೆಸಿದಾಗ ೩೬೦ ತಂಡಗಳು ಬಂದು ಆಡಿದುವು. ಗಿನ್ನೆಸ್ ದಾಖಲೆಯೂ ಆಯಿತು. ಈ ಆಟದಲ್ಲಿ ಪಕ್ಷಾಂತರವೆಂಬುದಿಲ್ಲ. ಹುಟ್ಟಿದ ಒಕ್ಕವೇ ತಂಡ. ಎಷ್ಟು ಹಣ ಸುರಿದರೂ ನೆರೆಮನೆಯ ಚುರುಕಾದ ಮುಂಚೂಣಿಯವನನ್ನು ಕೊಳ್ಳಲಾಗದು. ಇದ್ದ ಮಕ್ಕಳನ್ನೇ ತಿದ್ದಿಕೊಳ್ಳಬೇಕು. ಆದುದರಿಂದಲೇ ಒಂದೇ ಪಂದ್ಯದಲ್ಲಿ ಸೈನ್ಯದಿಂದ ನಿವೃತ್ತನಾದ ಅಜ್ಜನೂ, ಬೆಂಗಳೂರಿನ ಕಛೇರಿಯಿಂದ ರಜೆ ಹಾಕಿ ಬಂದ ಮಗನೂ, ಶಾಲೆಗೆ ಹೋಗುವ ಮೊಮ್ಮಗಳೂ ಒಟ್ಟಿಗೆ ಇಳಿಯುವುದುಂಟು. ಚಿಕ್ಕಪ್ಪನು ದೂಡಿದ ಚೆಂಡನ್ನು ತಡೆಯಲಾರದೆ ಹೋದರೆ ಮಗುವಿಗೆ ಊಟದ ಹೊತ್ತಿನಲ್ಲಿ ನಗೆಚಾಟಿಕೆ ತಪ್ಪದು; ಆದರೆ ತಂಡದಿಂದ ತೆಗೆದುಹಾಕುವ ಭಯವಿಲ್ಲ. ಬೆಳೆಯುವ ಆಟಗಾರನಿಗೆ ಇದಕ್ಕಿಂತ ದೊಡ್ಡ ಸವಲತ್ತು ಯಾವುದಿದ್ದೀತು?

ಆದರೆ ಒಕ್ಕದ ಅಂಗಳವೇ ಒಲಿಂಪಿಕ್ಸಿಗೆ ಮೆಟ್ಟಿಲಾಗುವುದಿಲ್ಲ. ಅದು ಕೊಡವರ ಕೂಟ. ಬಡತನದಲ್ಲಿ ಬಿದಿರಿನ ಕೋಲನ್ನೇ ಹಾಕಿಯ ಕೋಲಾಗಿ ಮಾಡಿಕೊಂಡು ಆಡಿದ ಸೋಮವಾರಪೇಟೆಯ ಸುನಿಲನಂಥವನಿಗೆ ಅಲ್ಲಿ ತಂಡವಿಲ್ಲ. ಮೇಲಾಗಿ ಮಣ್ಣು ಹುಲ್ಲುಗಳ ಬಯಲಿನಲ್ಲಿ ಕಲಿತ ಕೈ ಕೃತಕ ಹಾಸಿನ ಮೇಲೆ ಹೊಸದಾಗಿ ಕಲಿಯಬೇಕಾಗುತ್ತದೆ. ಅಲ್ಲಿ ಚೆಂಡು ಪುಟಿಯದು, ಓಟ ತಡೆಯದು, ಉಸಿರಿಗೆ ಬಿಡುವಿರದು. ೧೯೭೬ರಲ್ಲಿ ಮಾಂಟ್ರಿಯಲ್ಲಿನ ಒಲಿಂಪಿಕ್ಸಿಗೆ ಮೊದಲ ಸಲ ಕೃತಕ ಹಾಸು ಬಂದಾಗ, ಹಿಂದಿನ ವರ್ಷವಷ್ಟೇ ವಿಶ್ವಕಪ್ಪನ್ನು ಗೆದ್ದಿದ್ದ ಭಾರತವು ಏಳನೆಯ ಸ್ಥಾನಕ್ಕೆ ಇಳಿದುದೇ ಇದಕ್ಕೆ ಸಾಕ್ಷಿ. ಆದುದರಿಂದ ಒಕ್ಕಕ್ಕೂ ದೇಶದ ತಂಡಕ್ಕೂ ನಡುವೆ ಮೆಟ್ಟಿಲುಗಳು ಬೇಕು. ಮಡಿಕೇರಿ, ಪೊನ್ನಂಪೇಟೆಗಳ ಕ್ರೀಡಾವಸತಿಗಳು ಅಂಥವು: ಹತ್ತು ಹನ್ನೆರಡು ವರ್ಷದ ಮಗುವಿಗೆ ಅನ್ನ, ಶಾಲೆ, ಬೆಳಗಿನ ಕಸರತ್ತು, ಒಬ್ಬ ಶಿಕ್ಷಕನ ಕಣ್ಣು. ಅದರಾಚೆಗೆ ಸೈನ್ಯವೋ ರೈಲ್ವೆಯೋ ಎಣ್ಣೆಯ ಕಂಪನಿಯೋ ಕೊಡುವ ನೌಕರಿ. ತಿಂಗಳ ಸಂಬಳವಿರುವ ಈ ನೌಕರಿಯೇ ಬಹುಕಾಲ ಭಾರತದ ಹಾಕಿಯನ್ನು ಕಾಪಾಡಿತೆಂದರೆ ತಪ್ಪಾಗದು. ಲೀಗು ಏಳು ವರ್ಷ ಮಲಗಿದ್ದಾಗ ಆಟಗಾರರ ಮನೆಯ ಒಲೆ ಆರದಿದ್ದುದು ಇದರಿಂದಲೇ.

೨೦೧೬ರ ರಿಯೋ ಒಲಿಂಪಿಕ್ಸಿಗೆ ಹೋದ ಭಾರತದ ತಂಡದಲ್ಲಿ ರಘುನಾಥ್, ಸುನಿಲ್, ಎಸ್. ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂದು ಕೊಡಗಿನ ನಾಲ್ವರಿದ್ದರು. ಟೋಕಿಯೋದಲ್ಲಿ ಕಂಚು ಗೆದ್ದ ತಂಡದಲ್ಲಿ ಒಬ್ಬನೂ ಇಲ್ಲ. ೨೦೨೪ರಲ್ಲಿ ಪ್ಯಾರಿಸಿನಲ್ಲಿ ಮತ್ತೆ ಕಂಚು ಗೆದ್ದಾಗಲೂ ಇಲ್ಲ. ಅದೇ ೨೦೨೪ರಲ್ಲಿ ನಾಪೋಕ್ಲಿನಲ್ಲಿ ೩೬೦ ತಂಡಗಳು! ಬುಡದಲ್ಲಿ ಇಷ್ಟು ನೀರಿದ್ದೂ ತುದಿ ಬಾಡಿದೆಯೆಂದರೆ, ನಡುವಿನ ಕಾಂಡದಲ್ಲಿ ಎಲ್ಲಿಯೋ ರಸ ನಿಂತಿದೆಯೆಂದೇ ತಿಳಿಯಬೇಕಾಗುತ್ತದೆ. ಒಡಿಶಾದ ಸುಂದರಗಢ ಜಿಲ್ಲೆಯನ್ನು ನೋಡಿದರೆ ಈ ಅನುಮಾನ ಬಲಿಯುತ್ತದೆ. ಅಲ್ಲಿಯೂ ಹಳ್ಳಿಯ ಹಬ್ಬಗಳಲ್ಲಿ ಹಾಕಿ ಆಡುವ ಜನರೇ. ಆದರೆ ಆ ಸರಕಾರವು ವಸತಿಶಾಲೆಯನ್ನು ಬೆಳೆಸಿತು, ಹೋಬಳಿಗಳಿಗೆ ಕೃತಕ ಹಾಸನ್ನು ಒಯ್ದಿತು, ೨೦೧೮ರಿಂದ ದೇಶದ ತಂಡಕ್ಕೇ ಪ್ರಾಯೋಜಕನಾಗಿ ನಿಂತಿತು. ಟೋಕಿಯೋದ ತಂಡದಲ್ಲಿ ಅಮಿತ್ ರೋಹಿದಾಸ್, ಬೀರೇಂದ್ರ ಲಾಕ್ರಾ ಇಬ್ಬರೂ ಆ ಜಿಲ್ಲೆಯವರೇ.

ಕೊಳ್ಳುವವರ ಮಾತೂ ಇಷ್ಟೇ ಸ್ವಾರಸ್ಯದ್ದು. ೨೦೧೨ರ ಕೊನೆಯಲ್ಲಿ ನಡೆದ ಮೊದಲ ಹರಾಜಿನಲ್ಲಿ ರಘುನಾಥನನ್ನು ಉತ್ತರಪ್ರದೇಶದ ತಂಡವು ೭೬,೦೦೦ ಡಾಲರಿಗೂ ಸುನಿಲನನ್ನು ಪಂಜಾಬಿನ ತಂಡವೂ ಕೊಂಡುಕೊಂಡುವು. ಅದೇ ವರ್ಷದ ಮೊದಲಲ್ಲಿ ಬೇರೊಂದು ಲೀಗಿನಲ್ಲಿ ಹಾಲಪ್ಪನ ನಾಯಕತ್ವದಲ್ಲಿ ಕರ್ನಾಟಕ ಲಯನ್ಸ್ ಎಂಬ ತಂಡವೊಂದಿತ್ತು. ಆ ಲೀಗೇ ಒಂದು ಋತುವಿಗೆ ಮುಗಿಯಿತು. ೨೦೨೪ರ ಹರಾಜಿನಲ್ಲಿ ಕೂತ ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ್ದೆಂಬುದು ಒಂದೂ ಇರಲಿಲ್ಲ. ಹೈದರಾಬಾದಿಗೆ ತಂಡವಿದೆ, ತಮಿಳುನಾಡಿಗೆ ಇದೆ. ಗಣೇಶ್, ಗೋವಿಂದರ ನಾಡು ಬೇಲಿಯಾಚೆ ನಿಂತು ನೋಡಿತು. ಕಾಲ್ಚೆಂಡಿನ ಜಗತ್ತಿನಲ್ಲಿ ಇದಕ್ಕೊಂದು ಕಟ್ಟಳೆಯುಂಟು. ಆಟಗಾರನೊಬ್ಬನನ್ನು ಒಂದು ದೇಶದ ಕೂಟವು ಇನ್ನೊಂದು ದೇಶದ ಕೂಟಕ್ಕೆ ಮಾರಿದಾಗ, ಆ ಹಣದಲ್ಲಿ ನೂರಕ್ಕೆ ಐದು ಪಾಲನ್ನು, ಅವನ ಹನ್ನೆರಡನೆಯ ವಯಸ್ಸಿನಿಂದ ಇಪ್ಪತ್ತಮೂರರ ವರೆಗೆ ಅವನನ್ನು ತಿದ್ದಿದ ಕೂಟಗಳಿಗೆ ಹಂಚಬೇಕು. ಹಾಕಿಯ ಗಂಟಿನಲ್ಲಿಯೂ ಅಂಥ ಪಾಲೊಂದನ್ನು ಕಟ್ಟಿಡುವ ಮಾತು ಏಳಬೇಕಾದುದೇ ಸರಿ. ೭೬,೦೦೦ ಡಾಲರಿಗೆ ನೂರಕ್ಕೆ ಐದೆಂದರೆ ೩,೮೦೦ ಡಾಲರು; ಕ್ರೀಡಾವಸತಿಯೊಂದಕ್ಕೆ ಎಷ್ಟೋ ಕೋಲುಗಳು, ಎಷ್ಟೋ ಜೊತೆ ಪಾದರಕ್ಷೆಗಳು, ಗೋಲಿ ಹುಡುಗನಿಗೆ ಕಾಲ್ಗಾಪುಗಳು.

ಒಕ್ಕಗಳ ಪಂದ್ಯಾವಳಿಯಲ್ಲಿ ಪಕ್ಷಾಂತರವಿಲ್ಲವೆಂದು ಮೇಲೆ ಹೇಳಿದುದಕ್ಕೆ ಒಂದು ಅಪವಾದವುಂಟು. ಮದುವೆಯಾದ ಹೆಣ್ಣುಮಗಳು ತವರಿನ ಒಕ್ಕಕ್ಕೆ ಬೇಕಾದರೂ ಆಡಬಹುದು, ಗಂಡನ ಒಕ್ಕಕ್ಕೆ ಬೇಕಾದರೂ ಆಡಬಹುದು, ಆಯ್ಕೆ ಅವಳದೇ. ಪಂದ್ಯಾವಳಿ ಹತ್ತಿರವಾದಂತೆ ಚೆನ್ನಾಗಿ ಆಡುವ ಸೊಸೆಯ ಅತ್ತೆಯೂ ತಾಯಿಯೂ ದೂರವಾಣಿಯಲ್ಲಿ ಬಹಳ ಮಧುರವಾಗಿ ಮಾತನಾಡತೊಡಗುತ್ತಾರಾದರೆ ಅದರಲ್ಲಿ ಆಶ್ಚರ್ಯವೇನಿದೆ?