ಬೂದಿಗೆ ಹನ್ನೆರಡೇ ಅಂಕ

ಚೌಕಾಬಾರದಲ್ಲಿ ಕಾಯಿ ಸತ್ತರೆ ನಾವು ಯಾರೂ ಅಳುತ್ತಿರಲಿಲ್ಲ. ಮತ್ತೆ ಗರ ಬಿದ್ದರೆ ಅದೇ ಕಾಯಿ ಮತ್ತೆ ಹೊರಡುತ್ತಿತ್ತು. ಈಗಿನ ಮಕ್ಕಳ ಒಂದು ಆಟದಲ್ಲಿ ಜೊತೆಗಿರುವ ಪ್ರಾಣಿಗೆ ಹೆಸರಿದೆ, ಅದನ್ನು ಕಳೆದುಕೊಳ್ಳುವ ಭಯವೂ ಇದೆ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ‘ಡಂಜನ್ ಮಾಸ್ಟರ್’ ಆದವರು ಕಥೆ ಹೇಳುತ್ತಾರೆ. ಉಳಿದವರು ಕಥೆಯೊಳಗೆ ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ನನ್ನ ಮೊಮ್ಮಗಳ ಪಾತ್ರ ರೇಂಜರ್. ಅಂದರೆ ಕಾಡಿನ ದಾರಿ ಬಲ್ಲ, ಹೆಜ್ಜೆಗುರುತು ಹಿಡಿದು ಹೋಗುವ ಬಿಲ್ಲುಗಾರ್ತಿ. 2014ರ ನಿಯಮಪುಸ್ತಕದ ಪ್ರಕಾರ ಮೂರನೇ ಹಂತ ತಲುಪಿದ ರೇಂಜರ್ ಬಯಸಿದರೆ ಒಂದು ಪ್ರಾಣಿಯನ್ನು ಜೊತೆಗೆ ಇಟ್ಟುಕೊಳ್ಳಬಹುದು. ಆನೆ, ಸಿಂಹ ಸಿಗುವುದಿಲ್ಲ. ಗಿಡುಗ, ತೋಳ ಇಂಥವು ಸಿಗುತ್ತವೆ. ಅವಳು ತೋಳವನ್ನು ಆರಿಸಿ ‘ಬೂದಿ’ ಎಂದು ಹೆಸರಿಟ್ಟಳು.

ಬ್ಯಾಂಕ್ ಬಿಟ್ಟರೂ ಲೆಕ್ಕದ ಚಟ ನನ್ನನ್ನು ಬಿಟ್ಟಿಲ್ಲ. ಅವಳ ಪುಸ್ತಕ ತೆಗೆದು ಓದಿದೆ. ಎರಡು ನಿಯಮ ಕಣ್ಣಿಗೆ ಬಿದ್ದವು. ಈ ಹಂತದಲ್ಲಿ ತೋಳ ಕಚ್ಚಬೇಕಾದರೆ ರೇಂಜರ್ ತನ್ನ ಸರದಿಯ ಬಾಣವನ್ನು ಬಿಟ್ಟುಕೊಡಬೇಕು. ತೋಳ ಸತ್ತರೆ, ಹಗೆಯಿಲ್ಲದ ಬೇರೊಂದು ಪ್ರಾಣಿಯ ಜೊತೆ 8 ಗಂಟೆ ಕಳೆದು ನಂಟು ಬೆಳೆಸಿಕೊಳ್ಳಬಹುದು. ಹಳೆಯ ಖಾತೆ ಮುಚ್ಚಿ ಹೊಸದು ತೆರೆದ ಹಾಗೆ.

ಕಳೆದ ಬೇಸಿಗೆ ರಜೆಯಲ್ಲಿ ಅವಳ ಗೆಳೆಯರು ನಮ್ಮ ಊಟದ ಮೇಜಿನ ಸುತ್ತ ಆಡುತ್ತಿದ್ದರು. ಕಥೆಯಲ್ಲಿ ಓಗರ್ ಎಂಬ ದೈತ್ಯ ಸೇತುವೆಗೆ ಅಡ್ಡ ನಿಂತಿದ್ದ. ಬೂದಿಯ ಜೀವಬಲ 12 ಅಂಕ. ಓಗರನ ಗದೆ ತಗುಲಿದರೆ ಎಂಟು ಮುಖದ ಎರಡು ದಾಳ ಉರುಳಿಸಿ, ಬಂದದ್ದಕ್ಕೆ 4 ಕೂಡಿಸಿ, ಅಷ್ಟು ಕಳೆಯಬೇಕು. ಒಟ್ಟು 64 ಸಾಧ್ಯತೆಗಳಲ್ಲಿ 43ರಲ್ಲಿ ಆ ಮೊತ್ತ 12 ಅಥವಾ ಅದಕ್ಕಿಂತ ಹೆಚ್ಚು. ಒಂದೇ ಏಟು ಬಿದ್ದರೂ ಮೂರರಲ್ಲಿ ಎರಡು ಪಾಲು ತೋಳ ಉಳಿಯುವುದಿಲ್ಲ.

“ತೋಳಾನ ಮುಂದೆ ಬಿಡೇ. ಸತ್ರೆ ಎಂಟು ಗಂಟೇಲಿ ಇನ್ನೊಂದು ಸಿಗುತ್ತೆ,” ಎಂದ ಒಬ್ಬ ಹುಡುಗ. ಅವನು ಹೇಳಿದ್ದು ನಿಯಮದಲ್ಲೇ ಇದೆ.

“ಇನ್ನೊಂದು ಸಿಗುತ್ತೆ. ಬೂದಿ ಸಿಗಲ್ಲ,” ಎಂದಳು ಮೊಮ್ಮಗಳು. ತೋಳವನ್ನು ಹಿಂದೆ ನಿಲ್ಲಿಸಿ ತಾನೇ ಸೇತುವೆಗೆ ನಡೆದಳು. ಮೊದಲೇ ಗಾಯವಾಗಿತ್ತು, ಎರಡು ಏಟಿಗೆ ಅವಳ ರೇಂಜರ್ ಪ್ರಜ್ಞೆ ತಪ್ಪಿ ಬಿದ್ದಳು. ಮೊಮ್ಮಗಳು ತುಟಿ ಕಚ್ಚಿ ಕೂತಿದ್ದಳು.

ಡಂಜನ್ ಮಾಸ್ಟರ್ ಹುಡುಗ ನಿಯಮ ಓದಿದ. ರೇಂಜರ್‌ಗೆ ಪ್ರಜ್ಞೆ ಇಲ್ಲದಾಗ ಪ್ರಾಣಿ ಅಪ್ಪಣೆಗೆ ಕಾಯುವುದಿಲ್ಲ. ರೇಂಜರನ್ನೂ ತನ್ನನ್ನೂ ಕಾಪಾಡಿಕೊಳ್ಳಲು ತಾನಾಗಿಯೇ ಮುಂದಾಗುತ್ತದೆ. ಬೂದಿ ಓಡಿಬಂದು ಅವಳಿಗೆ ಅಡ್ಡ ನಿಂತಿತು. ದಾಳ ಉರುಳಿತು. ಓಗರನ ಏಟು ಗುರಿ ತಪ್ಪಿತು! ಅಷ್ಟರಲ್ಲಿ ಗೆಳತಿಯೊಬ್ಬಳು ಮದ್ದು ಕುಡಿಸಿ ರೇಂಜರನ್ನು ಎಬ್ಬಿಸಿದಳು. ಮಕ್ಕಳ ಕೂಗಿಗೆ ಅಡುಗೆಮನೆಯಿಂದ ಅವಳ ಅಜ್ಜಿಯೂ ಓಡಿಬಂದಳು.

2020ರಲ್ಲಿ ‘ತಾಷಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಎಂಬ ಪುಸ್ತಕ ಬಂತು. ಅದರಲ್ಲಿ ಇನ್ನೊಂದು ದಾರಿ ಕೊಟ್ಟಿದ್ದಾರೆ. ಪ್ರಾಣಿ ಸತ್ತ ಒಂದು ಗಂಟೆಯೊಳಗೆ ರೇಂಜರ್ ಅದನ್ನು ಮುಟ್ಟಿ, ತನ್ನ ಮಂತ್ರಶಕ್ತಿಯ ಒಂದು ಪಾಲು ಖರ್ಚು ಮಾಡಿದರೆ, ಒಂದು ನಿಮಿಷದಲ್ಲಿ ಅದು ಎದ್ದು ಬರುತ್ತದೆ. ಬೇರೆಯದಲ್ಲ, ಅದೇ ಪ್ರಾಣಿ. ಇದನ್ನು ತೋರಿಸಿ ಮೊಮ್ಮಗಳು, “ತಾತ, ಇದನ್ನ ಬರೆದೋರ ಹತ್ರಾನೂ ಒಂದು ಬೂದಿ ಇತ್ತು ಅನ್ಸುತ್ತೆ,” ಎಂದಳು.

ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಮಕ್ಕಳು ಈ ಆಟ ಮುಗಿಸಿ ಎದ್ದಾಗ ‘ಗೆದ್ದೆಯಾ?’ ಎಂದು ಕೇಳಬೇಡಿ. ‘ನಿನ್ನ ಪ್ರಾಣಿಯ ಹೆಸರೇನು?’ ಎಂದು ಕೇಳಿ. ಮೊದಲು ಕುರ್ಚಿ ಎಳೆದುಕೊಳ್ಳಿ, ಉತ್ತರ ಸ್ವಲ್ಪ ಉದ್ದ ಇರುತ್ತದೆ.