ವಿದ್ಯಾದಾನವೂ ವೋಚರಿನ ಲೆಕ್ಕವೂ

ವರ್ತಕನಾದವನಿಗೆ ವೋಚರ್ ಎಂಬ ಮಾತು ಹೊಸದಲ್ಲ. ಕಿರ್ದಿಯಲ್ಲಿ ಬರೆದ ಖರ್ಚಿಗೆ ಆಧಾರವಾಗಿ ನಿಲ್ಲುವ ಚೀಟಿ ಅದು; ಚೀಟಿಯಿಲ್ಲದ ಖರ್ಚನ್ನು ಲೆಕ್ಕಪರಿಶೋಧಕನು ಒಪ್ಪುವುದಿಲ್ಲ. ಶಿಕ್ಷಣದ ಚರ್ಚೆಯಲ್ಲಿ ಈ ಮಾತಿಗೆ ಬೇರೊಂದು ಅರ್ಥವಿದೆ. ಸರ್ಕಾರವು ಶಾಲೆಗಳನ್ನು ತಾನೇ ನಡೆಸುವುದಕ್ಕೆ ಬದಲಾಗಿ ಮಗುವಿನ ಹೆಸರಿನಲ್ಲಿ ಒಂದು ಮೊತ್ತವನ್ನು ಗೊತ್ತುಮಾಡುವುದು, ತಂದೆತಾಯಿಗಳು ಆರಿಸಿದ ಶಾಲೆಗೆ ಆ ಮೊತ್ತವನ್ನು ಸಲ್ಲಿಸುವುದು, ಇದು ವೋಚರ್ ಪದ್ಧತಿ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಇದನ್ನು 1955ರಲ್ಲಿ ಪ್ರತಿಪಾದಿಸಿದನು. ಚಿಲಿ ದೇಶವು 1981ರಲ್ಲಿಯೂ ಸ್ವೀಡನ್ 1992ರಲ್ಲಿಯೂ ಇದನ್ನು ಆಚರಣೆಗೆ ತಂದವು. ಸರ್ಕಾರದ ಹಣ ಪಡೆಯುವ ಶಾಲೆಗಳು ಲಾಭ ಗಳಿಸಕೂಡದು, ಮಕ್ಕಳನ್ನು ಆಯ್ದು ತೆಗೆದುಕೊಳ್ಳಕೂಡದು ಎಂದು ಅದೇ ಚಿಲಿ ದೇಶವು 2015ರಲ್ಲಿ ಕಾನೂನು ಮಾಡಬೇಕಾಗಿ ಬಂದದ್ದೂ ಗಮನಾರ್ಹ.

ಭಾರತದಲ್ಲಿ ಆ ಹೆಸರಿನ ಕಾನೂನಿಲ್ಲವಾದರೂ ಅದಕ್ಕೆ ತೀರ ಸಮೀಪವಾದ ವ್ಯವಸ್ಥೆಯೊಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅನುದಾನರಹಿತ ಖಾಸಗಿ ಶಾಲೆಗಳು ಒಂದನೆಯ ತರಗತಿಯಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದು ಅದರ 12ನೆಯ ಪ್ರಕರಣ ವಿಧಿಸುತ್ತದೆ. ಸರ್ಕಾರವು ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ವೆಚ್ಚ, ಖಾಸಗಿ ಶಾಲೆ ವಿಧಿಸುವ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದನ್ನು ಆ ಶಾಲೆಗೆ ಮರುಪಾವತಿ ಮಾಡುತ್ತದೆ. ಕರ್ನಾಟಕದಲ್ಲಿ ಈ ಪ್ರವೇಶ 2012-13ರಲ್ಲಿ ಆರಂಭವಾಯಿತು. ಒಂದನೆಯ ತರಗತಿಗೆ ಮೊದಲು 11,848 ರೂಪಾಯಿ ಇದ್ದ ಮರುಪಾವತಿಯ ಗರಿಷ್ಠ ಮಿತಿ ಅನಂತರ 16,000 ರೂಪಾಯಿಗೆ ಏರಿತು.

ಕಡೂರು, ತರೀಕೆರೆ, ಅಜ್ಜಂಪುರದ ಪೇಟೆಗಳನ್ನು ಬಲ್ಲವರಿಗೆ ಈ ಸ್ಥಾನಗಳ ಬೆಲೆ ತಿಳಿಯದ್ದಲ್ಲ. ತೆಂಗು, ಅಡಕೆ, ಈರುಳ್ಳಿಯ ವಹಿವಾಟು ಈ ಊರುಗಳ ಜೀವಾಳ. ಮೂಟೆ ಹೊರುವ ಹಮಾಲಿ, ಅಡಕೆ ಸುಲಿಯುವ ಹೆಂಗಸು, ಅಂಗಡಿಯಲ್ಲಿ ತೂಕ ಹಾಕುವ ಹುಡುಗ, ಇವರ ಬೆವರಿನ ಮೇಲೆ ವರ್ತಕನ ಗದ್ದುಗೆ ನಿಂತಿದೆ. ಯಜಮಾನನ ಮಗನು ಹೋಗುವ ಶಾಲೆಗೆ ತನ್ನ ಮಗನೂ ಹೋಗುವುದೆಂದರೆ ಅಂಥವರಿಗೆ ಅದು ಶುಲ್ಕದ ರಿಯಾಯಿತಿ ಮಾತ್ರವಲ್ಲ, ಮಾನದ ಮಾತು. ಆದರೆ ಈ ಭಾಗ್ಯ ಎಲ್ಲರಿಗೂ ಸಮನಾಗಿ ದೊರೆಯಲಿಲ್ಲ. ನೆರೆಹೊರೆ ಎಂಬುದಕ್ಕೆ ಪಟ್ಟಣದಲ್ಲಿ ವಾರ್ಡು, ಹಳ್ಳಿಯಲ್ಲಿ ಗ್ರಾಮವೇ ಎಲ್ಲೆಯಾದುದರಿಂದ, ಖಾಸಗಿ ಶಾಲೆಯಿಲ್ಲದ ಹಳ್ಳಿಯ ಮಗುವಿಗೆ ಈ ಹಕ್ಕು ಕಾಗದದಲ್ಲಿಯೇ ಉಳಿಯಿತು. ಆಯ್ಕೆಯೆಂಬುದು ಆಯ್ದುಕೊಳ್ಳಲು ಎರಡು ಶಾಲೆಗಳಿರುವ ಕಡೆ ಮಾತ್ರ ಆಯ್ಕೆ.

ಸರ್ಕಾರಿ ಶಾಲೆಗಳು ಬರಿದಾಗುತ್ತಿರುವಾಗ ಬೊಕ್ಕಸದಿಂದ ಖಾಸಗಿ ಶಾಲೆಗಳಿಗೆ ಹಣ ಹರಿಯುವುದು ಸರಿಯೇ ಎಂಬ ಪ್ರಶ್ನೆ ಅನತಿಕಾಲದಲ್ಲಿಯೇ ಎದ್ದಿತು. 2018ರ ಕೊನೆಯಲ್ಲಿ ರಾಜ್ಯ ಸರ್ಕಾರವು ನಿಯಮಗಳನ್ನು ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಖಾಸಗಿ ಶಾಲೆಯಲ್ಲಿ ಈ ಸ್ಥಾನಗಳನ್ನು ಕೊಡಬೇಕಾಗಿಲ್ಲ ಎಂದಿತು. 2019-20ರಿಂದ ದೊರೆಯುವ ಸ್ಥಾನಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ರಾಜ್ಯದ ಉಚ್ಚ ನ್ಯಾಯಾಲಯವು 2019ರ ಮೇ ತಿಂಗಳಲ್ಲಿ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರವು 2024ರ ಫೆಬ್ರವರಿಯಲ್ಲಿ ಇದೇ ಬಗೆಯ ತಿದ್ದುಪಡಿ ಮಾಡಿದಾಗ ಮುಂಬಯಿ ಉಚ್ಚ ನ್ಯಾಯಾಲಯವು ಅದೇ ವರ್ಷದ ಜುಲೈಯಲ್ಲಿ ಅದನ್ನು ರದ್ದುಗೊಳಿಸಿತು. ಒಂದೇ ಕಾಯಿದೆ, ಎರಡು ರಾಜ್ಯ, ಎರಡು ತೀರ್ಪು. ಎರಡು ಪಕ್ಷಗಳಲ್ಲಿಯೂ ಸತ್ಯದ ಅಂಶವಿದೆಯೆಂಬುದಕ್ಕೆ ಇದೇ ನಿದರ್ಶನ. ಅನೇಕಾಂತವನ್ನು ಒಪ್ಪಿದವನು ಎರಡನ್ನೂ ಕೇಳಬೇಕು.

ಪೋಷಕರ ಪಕ್ಷ ಸರಳವಾದುದು. ಉಳ್ಳವನಿಗೆ ಶಾಲೆಯನ್ನು ಆರಿಸುವ ಸ್ವಾತಂತ್ರ್ಯ ಎಂದಿನಿಂದಲೂ ಇದೆ. ಇಲ್ಲದವನಿಗೆ ಅದೇ ಸ್ವಾತಂತ್ರ್ಯ ದೊರೆತೊಡನೆ ಸಾರ್ವಜನಿಕ ಶಿಕ್ಷಣಕ್ಕೆ ಕುತ್ತು ಬಂದಿತೆಂದು ಕೂಗುವುದೇಕೆ? ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸುವ ಅಧಿಕಾರಿಗಳೂ ಶಿಕ್ಷಕರೂ ಬಡವನಿಗೆ ಸರ್ಕಾರಿ ಶಾಲೆಯ ಮಹಿಮೆಯನ್ನು ಹೇಳುವುದು ಎಷ್ಟು ಸರಿ? ಅಲಹಾಬಾದಿನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್‌ನಲ್ಲಿ ಸರ್ಕಾರಿ ನೌಕರರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸುವಂತಾಗಬೇಕೆಂದು ಹೇಳಿದ್ದು ಈ ಪ್ರಶ್ನೆಯ ಮೊನೆಯನ್ನು ಬಲ್ಲುದರಿಂದಲೇ.

ಶಿಕ್ಷಕರ ಸಂಘಗಳ ಪಕ್ಷವನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಪೇಟೆಯ ಮಾತಿನಲ್ಲಿ ರೂಢಿಯಾಗಿದೆ. ವೇತನ, ಬಡ್ತಿ, ಪಿಂಚಣಿ ಇವುಗಳಿಗಾಗಿ ಸಂಘಗಳು ಬೀದಿಗಿಳಿಯುವುದು ನಿಜ. 2024ರ ಆಗಸ್ಟ್‌ನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರು ಬೆಂಗಳೂರಿನಲ್ಲಿ ನೆರೆದದ್ದು ಬಡ್ತಿ ಮತ್ತು ವೃಂದದ ನಿಯಮಗಳಿಗಾಗಿಯೇ. ಆದರೆ ಅವರ ದೂರಿನಲ್ಲಿ ಇನ್ನೊಂದು ಭಾಗವಿದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಪ್ರಕರಣವೇ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಶಾಲಾ ಶಿಕ್ಷಕರೇ. ಅದಕ್ಕಾಗಿ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿಗೆ ಅಧಿಕ ಹೇರು ಹೇರುವುದು ದೋಷವೆಂದು ಬಲ್ಲ ಶ್ರಾವಕನಿಗೆ ಈ ದೂರು ಅರ್ಥವಾಗದೆ ಇರಲಾರದು.

ಇನ್ನು ಲೆಕ್ಕದ ಮಾತು. ಒಂದು ಮಗುವಿಗೆ ಇಷ್ಟು ವೆಚ್ಚವೆಂಬುದು ಒಟ್ಟು ಖರ್ಚನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ ಪಡೆದ ಸರಾಸರಿ. ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದೊಡನೆ ಬಾಡಿಗೆ ಕಡಿಮೆಯಾಗುವುದಿಲ್ಲವೆಂಬುದನ್ನು ವರ್ತಕನು ಬಲ್ಲನು. ಶಾಲೆಯೂ ಹಾಗೆಯೇ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು ಇರಬೇಕು. ಹಳ್ಳಿಯ ಶಾಲೆಯೊಂದರಲ್ಲಿ 62 ಮಕ್ಕಳಿದ್ದು ಇಬ್ಬರು ಪೇಟೆಯ ಶಾಲೆಗೆ ಹೊರಟರೆಂದು ಭಾವಿಸಬಹುದು. ಸರ್ಕಾರದ ಪುಸ್ತಕದಲ್ಲಿ ಆ ಇಬ್ಬರ ಬಾಬ್ತು ಹೆಚ್ಚೆಂದರೆ 32,000 ರೂಪಾಯಿ. ಆದರೆ ಮೂರನೆಯ ಶಿಕ್ಷಕರು ಹೆಚ್ಚುವರಿ ಎನಿಸಿಕೊಂಡು ಬೇರೆಡೆಗೆ ಹೋದರೆ, ಉಳಿದ 60 ಮಕ್ಕಳ ಐದು ತರಗತಿಗಳನ್ನು ಇಬ್ಬರೇ ನೋಡಿಕೊಳ್ಳಬೇಕು. ಹೊರಟ ಮಗುವಿನ ಖರ್ಚಿಗೆ ವೋಚರ್ ಇದೆ. ಉಳಿದ ಮಗುವಿನ ನಷ್ಟಕ್ಕೆ ವೋಚರ್ ಇಲ್ಲ. ಈ ವಿವಾದದಲ್ಲಿ ಎಲ್ಲರೂ ಮರೆಯುವುದು ಉಳಿದ ಮಗುವನ್ನೇ.

ಈ ಲೆಕ್ಕದಲ್ಲಿ ಇನ್ನೊಂದು ಸತ್ಯವನ್ನೂ ಬರೆದಿಡಬೇಕು. ಸರ್ಕಾರಿ ಶಾಲೆಯನ್ನು ಮೊದಲು ಬಿಟ್ಟವರು ಹಮಾಲಿಯ ಮಕ್ಕಳಲ್ಲ, ಉಳ್ಳವರ ಮಕ್ಕಳು. ಛಾವಣಿ ಸೋರಿದರೆ, ಉಪಾಧ್ಯಾಯರು ಬಾರದಿದ್ದರೆ ಧೈರ್ಯವಾಗಿ ಕೇಳಬಲ್ಲ ಮನೆಗಳು ಎಂದೋ ಹೊರಟುಹೋದವು. ನೆರೆಹೊರೆಯ ಮಕ್ಕಳೆಲ್ಲರೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು 1964-66ರ ಕೊಠಾರಿ ಆಯೋಗವು ಹೇಳಿದ್ದರ ಹಿಂದೆ ಈ ವಿವೇಕವಿತ್ತು. ಆದುದರಿಂದ ಸರ್ಕಾರಿ ಶಾಲೆಯ ಅವನತಿಯ ಹೊಣೆಯನ್ನೆಲ್ಲ ಬಡ ಪೋಷಕನ ಆಯ್ಕೆಯ ಮೇಲಾಗಲಿ ಶಿಕ್ಷಕನ ಮೇಲಾಗಲಿ ಹೊರಿಸುವುದು ನ್ಯಾಯವಲ್ಲ.

ಖಾಸಗಿ ಶಾಲೆಯು ಕಡಿಮೆ ಖರ್ಚಿನಲ್ಲಿ ಹೆಚ್ಚು ಕಲಿಸುತ್ತದೆಂಬ ವಾದವೂ ಇದೆ. ಅವಿಭಜಿತ ಆಂಧ್ರಪ್ರದೇಶದ ಹಳ್ಳಿಗಳಲ್ಲಿ 2008ರಿಂದ ಚೀಟಿಯೆತ್ತಿ ಮಕ್ಕಳಿಗೆ ವೋಚರ್ ಕೊಟ್ಟು ನಡೆಸಿದ ಪ್ರಯೋಗವೊಂದನ್ನು ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದರು. ವೋಚರ್ ಪಡೆದ ಮಕ್ಕಳು ತೆಲುಗಿನಲ್ಲಿ, ಗಣಿತದಲ್ಲಿ ಇತರರಿಗಿಂತ ಮುಂದೆ ಹೋಗಲಿಲ್ಲ, ಹಿಂದಿಯಲ್ಲಿ ಮುಂದಾದರು. ಖಾಸಗಿ ಶಾಲೆಯ ವೆಚ್ಚ ಮಾತ್ರ ಸರ್ಕಾರಿ ಶಾಲೆಯದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಿತ್ತು. ಮಿತವ್ಯಯವನ್ನು ಮೆಚ್ಚುವ ವರ್ತಕನು ಈ ಉಳಿತಾಯ ಎಲ್ಲಿಂದ ಬಂದಿತೆಂದೂ ಕೇಳಬೇಕು. ಅದರ ಬಹುಪಾಲು ಬಂದದ್ದು ಖಾಸಗಿ ಶಾಲೆಯ ಉಪಾಧ್ಯಾಯರ ಅಲ್ಪ ವೇತನದಿಂದ. ಆಶ್ರಿತರ ಅನ್ನಕ್ಕೆ ಅಡ್ಡಿಮಾಡುವ ಅನ್ನಪಾನನಿರೋಧವೂ ಅಹಿಂಸಾಣುವ್ರತದ ಅತಿಚಾರವೇ ಎಂಬುದನ್ನು ಶಾಲೆ ನಡೆಸುವ ಧರ್ಮದರ್ಶಿಗಳು ಮರೆಯಲಾಗದು.

ಇಲ್ಲಿಂದ ಪ್ರಶ್ನೆ ಜೈನ ಸಮಾಜದ ಹೊಸ್ತಿಲಿಗೇ ಬರುತ್ತದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಅದೇ ವರ್ಷದ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಪ್ರಮತಿ ಪ್ರಕರಣದಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. ಜೈನ ಸಂಸ್ಥೆಗಳು ನಡೆಸುವ ಅಲ್ಪಸಂಖ್ಯಾತ ಶಾಲೆಗಳಿಗೂ ಹೀಗೆ ಶೇಕಡ 25ರ ಹೊಣೆಯಿಂದ ವಿನಾಯಿತಿ ದೊರೆಯಿತು. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಹಿರಿಯ ಪೀಠಕ್ಕೆ ಒಪ್ಪಿಸುವಂತೆ ಸೂಚಿಸಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2021ರಲ್ಲಿ ಹೊರತಂದ ವರದಿಯ ಪ್ರಕಾರ ದೇಶದ ಅಲ್ಪಸಂಖ್ಯಾತ ಶಾಲೆಗಳಲ್ಲಿ ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ಮಕ್ಕಳ ಪ್ರಮಾಣ ಶೇಕಡ 8.76 ಮಾತ್ರ.

ಅಲ್ಪಸಂಖ್ಯಾತರಿಗೆ ಸಂವಿಧಾನವು ಹಕ್ಕು ಕೊಟ್ಟಿರುವುದು ಅವರ ಧರ್ಮ, ಭಾಷೆ, ಸಂಸ್ಕೃತಿಗಳು ಉಳಿದು ಬಾಳಲೆಂದು. ಆ ಹಕ್ಕು ಅಮೂಲ್ಯವಾದುದು, ಅದನ್ನು ಕಾಪಾಡಿಕೊಳ್ಳುವುದೂ ಯುಕ್ತವೇ. ಆದರೆ ಕಾನೂನು ಬಿಟ್ಟುಕೊಟ್ಟುದನ್ನು ವ್ರತವು ಬಿಟ್ಟುಕೊಡುವುದಿಲ್ಲ. ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ಶ್ರಾವಕನಿಗೆ ಯಾವ ಶಾಸನಸಭೆಯೂ ವಿಧಿಸಲಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಯಾವ ಮರುಪಾವತಿಯ ನಿರೀಕ್ಷೆಯಿಂದಲೂ ಅಲ್ಲ. ವಿನಾಯಿತಿಯ ಪ್ರಮಾಣಪತ್ರವನ್ನು ಕಚೇರಿಯ ಗೋಡೆಗೆ ತೂಗುಹಾಕಿ, ಮೂಟೆ ಹೊರುವವನ ಮಗುವನ್ನು ಗೇಟಿನಿಂದ ಹಿಂದಿರುಗಿಸಿದರೆ ಕಾಯಿದೆಗೆ ಭಂಗವಿಲ್ಲ, ಧರ್ಮಕ್ಕೆ ಇದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಹಿರಿಮೆಯನ್ನು ನಾಲ್ಕರಿಂದ ಅಳೆಯುತ್ತದೆ: ವಿಧಿ, ದ್ರವ್ಯ, ದಾತೃ, ಪಾತ್ರ. ವೋಚರಿನ ವಾದವನ್ನೂ ಈ ನಾಲ್ಕರಿಂದ ತೂಗಬಹುದು. ಕೊಡುವವನು ತನ್ನದನ್ನು ಕೊಡಬೇಕು. ಮರುಪಾವತಿ ಪಡೆದು ಕೊಟ್ಟ ಸ್ಥಾನದಲ್ಲಿ ದಾತೃವು ತೆರಿಗೆ ತೆತ್ತ ಪ್ರಜೆಯೇ ಹೊರತು ಶಾಲೆಯಲ್ಲ. ದ್ರವ್ಯವು ಶುಲ್ಕದ ಮನ್ನಾದಿಂದ ಮುಗಿಯುವುದಿಲ್ಲ. ಸಮವಸ್ತ್ರ, ಪುಸ್ತಕ, ಪ್ರವಾಸದ ಖರ್ಚು ಕಟ್ಟಲಾಗದೆ ಮಗು ಹಿಂದೆ ಉಳಿದರೆ ದಾನ ಅರ್ಧವಾಯಿತು. ವಿಧಿಯೆಂದರೆ ಕೊಡುವ ರೀತಿ. ದಾನದ ಮಗುವೆಂದು ಬೇರೆ ಬೆಂಚಿನಲ್ಲಿ ಕೂರಿಸಿದರೆ ಕೊಟ್ಟದ್ದೂ ಹೋಯಿತು. ಪಾತ್ರನು ಹೊರಟುಬಂದ ಮಗು ಮಾತ್ರವಲ್ಲ, ಹಳ್ಳಿಯ ಶಾಲೆಯಲ್ಲಿ ಉಳಿದ ಮಗುವೂ ಹೌದು.

ಶಾಲೆಯಿರುವ ಟ್ರಸ್ಟುಗಳು ವಿನಾಯಿತಿಯನ್ನು ಇಟ್ಟುಕೊಂಡೇ ಒಂದನೆಯ ತರಗತಿಯ ನಾಲ್ಕನೆಯ ಒಂದು ಭಾಗವನ್ನು ನೆರೆಯ ಬಡ ಮಕ್ಕಳಿಗೆ ಸ್ವಇಚ್ಛೆಯಿಂದ ತೆರೆದಿಡಬಹುದು. ಜಾತಿ ಧರ್ಮಗಳನ್ನು ನೋಡದೆ ಎಲ್ಲರೆದುರು ಚೀಟಿಯೆತ್ತಿ ಆರಿಸಬಹುದು. ಉಪಾಧ್ಯಾಯರಿಗೆ ಸಂಸಾರ ನಡೆಯುವಷ್ಟು ವೇತನ ಕೊಟ್ಟು ಅದನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ಸಭೆಯ ಮುಂದಿಡಬಹುದು. ಶಾಲೆಯಿಲ್ಲದ ಬಸದಿ, ಮಂದಿರಗಳ ಟ್ರಸ್ಟುಗಳಿಗೂ ದಾರಿಯಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಆ ಸಮಿತಿಯೊಡನೆ ಕುಳಿತು, ಹಳ್ಳಿಯ ಶಾಲೆಯೊಂದಕ್ಕೆ ಅತಿಥಿ ಶಿಕ್ಷಕರೊಬ್ಬರ ಗೌರವಧನವನ್ನು ಐದು ವರ್ಷ ವಹಿಸಿಕೊಂಡರೆ ಮೂರನೆಯ ಶಿಕ್ಷಕರ ಕೊರತೆ ತುಂಬುತ್ತದೆ. 1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಮೈಸೂರು ಸಂಸ್ಥಾನದಲ್ಲಿ ಬಂದಾಗಿನಿಂದ ಈ ಸೀಮೆಯ ಅಕ್ಷರವಿದ್ಯೆಗೆ ಸರ್ಕಾರದ ಶಾಲೆಯೇ ಮುಖ್ಯ ಆಸರೆ. ಅಂಗಡಿಯ ಲೆಕ್ಕ ಬರೆಯಬಲ್ಲ ಗುಮಾಸ್ತರು ವರ್ತಕನಿಗೆ ದೊರೆತದ್ದೂ ಅಂಥ ಶಾಲೆಗಳಿಂದಲೇ. ಆ ಸಾಲ ಇನ್ನೂ ತೀರಿಲ್ಲ.

ವೋಚರ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಶಾಸನಸಭೆಗಳೂ ನ್ಯಾಯಾಲಯಗಳೂ ಇನ್ನೂ ಬಹುಕಾಲ ಚರ್ಚಿಸಬಹುದು. ಟ್ರಸ್ಟಿನ ವಾರ್ಷಿಕ ಸಭೆ ಅಷ್ಟು ಕಾಲ ಕಾಯಬೇಕಾಗಿಲ್ಲ. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಎರಡು ಬಾಬ್ತುಗಳನ್ನು ಅಂದಾಜು ಪತ್ರಿಕೆಯಲ್ಲಿ ಬರೆದರೆ ಸಾಕು: ಬಾಗಿಲಿಗೆ ಬಂದ ಮಗುವಿಗೆ ಇಷ್ಟು, ಹಳ್ಳಿಯಲ್ಲಿ ಉಳಿದ ಮಗುವಿಗೆ ಇಷ್ಟು.